ಡೈರಿಯಲ್ಲಿ ಹದಿನೈದು, ಬ್ಯಾಂಕಿನಲ್ಲಿ ಇಪ್ಪತ್ತಾರು: ಒಂದು ಮನೆಯ ದಿನಸಿ ಲೆಕ್ಕ

ಈ ಮನೆಯವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಬಡಾವಣೆಯನ್ನೂ ಹೇಳುವುದಿಲ್ಲ. ಗುರುತು ಸಿಕ್ಕಿಬಿಡಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಗಂಡ, ಹೆಂಡತಿ, ಅಜ್ಜಿ, ಮಗ, ಮಗಳು ಅಂತ ಕರೆದರೆ ಸಾಕು. ಇವರಲ್ಲಿ ದುಂದುಗಾರರು ಯಾರೂ ಇಲ್ಲ. ಐದೂ ಜನ ತಮ್ಮ ತಮ್ಮ ಕಡೆಯಿಂದ ಮನೆಗೆ ಒಳ್ಳೆಯದನ್ನೇ ಮಾಡುತ್ತಿದ್ದರು. ತೊಂದರೆ ಶುರುವಾದದ್ದೂ ಅಲ್ಲೇ.

ನಾನು ಇಪ್ಪತ್ತು ವರ್ಷದಿಂದ ಆಡಿಟರ್ ಆಫೀಸೊಂದರಲ್ಲಿ ಲೆಕ್ಕ ಬರೆಯುವವಳು. ಅಕ್ಕಪಕ್ಕದವರು ಆಗಾಗ ಮನೆ ಲೆಕ್ಕ ಹಿಡಿದುಕೊಂಡು ಬರುತ್ತಾರೆ. ಇದೂ ಹಾಗೇ ಬಂದ ಪ್ರಕರಣ.

ಹಿನ್ನೆಲೆ

ಊರು ಮೈಸೂರು. ಗಂಡ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಅಜ್ಜಿ, ಅಂದರೆ ಗಂಡನ ತಾಯಿಗೆ, ಎಪ್ಪತ್ತು ದಾಟಿದೆ. ಅವರಿಗೆ ತಮ್ಮ ಯಜಮಾನರ ಪಿಂಚಣಿ ಬರುತ್ತದೆ. ಮಗ ಹತ್ತನೇ ಕ್ಲಾಸು, ಮಗಳು ಆರನೇ ಕ್ಲಾಸು. ಇಬ್ಬರ ಸಂಬಳ ಸೇರಿ ಕೈಗೆ ಬರುವುದು 92,000 ರೂಪಾಯಿ. ಮನೆ ಸಾಲದ ಕಂತು, ಸ್ಕೂಲು ಫೀಸು, ಸ್ಕೂಟರ್ ಪೆಟ್ರೋಲು, ಹೀಗೆ ಎಲ್ಲಕ್ಕೂ ಒಂದು ಲೆಕ್ಕ ಇತ್ತು. ದಿನಸಿ, ಹಾಲು, ತರಕಾರಿಗೆ ಅಂತ ತಿಂಗಳಿಗೆ 15,000 ಎತ್ತಿಡುತ್ತಿದ್ದರು.

2025ರ ಜುಲೈ ಮೊದಲ ವಾರ ಹೆಂಡತಿ ನಮ್ಮನೆಗೆ ಬಂದಳು. ಕೈಯಲ್ಲಿ ಹೊಸ ವರ್ಷಕ್ಕೆ ಯಾರೋ ಕೊಟ್ಟ ಡೈರಿ. "ಅಕ್ಕ, ನಾನು ಒಂದು ರೂಪಾಯಿನೂ ಬಿಡದೆ ಬರೀತೀನಿ. ಯಾವ ತಿಂಗಳೂ ಹದಿನೈದು ದಾಟಿಲ್ಲ. ಆದ್ರೂ ಇಪ್ಪತ್ತನೇ ತಾರೀಖಿಗೆ ಅಕೌಂಟ್ ಖಾಲಿ. ಎಲ್ಲಿಗೆ ಹೋಗುತ್ತೆ?" ಗಂಡನ ಹತ್ತಿರ ಉತ್ತರ ಸಿದ್ಧವಿತ್ತು: ಎಲ್ಲದರ ರೇಟೂ ಜಾಸ್ತಿಯಾಗಿದೆ, ನಾವೇನು ಮಾಡೋಕಾಗುತ್ತೆ. ಅದರಲ್ಲಿ ಸುಳ್ಳೇನಿಲ್ಲ. ಆ ವರ್ಷದ ಏಪ್ರಿಲ್‌ನಿಂದ ಹಾಲು ಲೀಟರಿಗೆ 46 ಆಗಿತ್ತು. ತೆಂಗಿನಕಾಯಿ ಒಂದಕ್ಕೆ 50 ದಾಟಿತ್ತು. ಆದರೆ ಬೆಲೆ ಏರಿದರೆ ಅದು ಡೈರಿಯಲ್ಲೂ ಕಾಣಬೇಕಲ್ವಾ? ಡೈರಿ ಮಾತ್ರ ತಣ್ಣಗೆ ಹದಿನೈದರ ಒಳಗೇ ಇತ್ತು.

ಡೈರಿಗೆ ಬರದ ಖರ್ಚು

ಜೂನ್ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಇಬ್ಬರ ಫೋನಿನ ಯುಪಿಐ ಪಟ್ಟಿ, ಆಪ್‌ಗಳ ಹಳೆಯ ಆರ್ಡರುಗಳು, ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಎರಡು ಸಂಜೆ ಹಿಡಿಯಿತು. ಬಂದ ಲೆಕ್ಕ ಹೀಗಿತ್ತು:

ತಿಂಗಳ ಮೊದಲ ವಾರದ ದಿನಸಿ ಚೀಟಿ: 7,850
ಹಾಲು, ಮೊಸರು: 3,140
ತರಕಾರಿ, ಹಣ್ಣು: 3,380
ಭಾನುವಾರದ ಸೂಪರ್ ಮಾರ್ಕೆಟ್, ನಾಲ್ಕು ಸಲ: 4,260
ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆಪ್, 19 ಆರ್ಡರು: 4,915
ಬೀದಿ ಕೊನೆಯ ಅಂಗಡಿ ಮತ್ತು ಬೇಕರಿ: 2,685

ಒಟ್ಟು 26,230.

ಮೊದಲ ಮೂರು ಸಾಲು ಕೂಡಿ ನೋಡಿ. 14,370. ಹೆಂಡತಿಯ ಡೈರಿ ಪೈಸೆ ಪೈಸೆಗೂ ಸರಿ ಇತ್ತು. ಅವಳ ಮಟ್ಟಿಗೆ 'ದಿನಸಿ' ಅಂದರೆ ಆ ಮೂರೇ ಸಾಲು. ಉಳಿದ 11,860 ರೂಪಾಯಿಗೆ ಮನೆಯಲ್ಲಿ ಬೇರೆ ಬೇರೆ ಹೆಸರುಗಳಿದ್ದವು. ಸೂಪರ್ ಮಾರ್ಕೆಟ್ಟು 'ಸುಮ್ನೆ ಒಂದು ರೌಂಡು'. ಆಪ್ 'ಅರ್ಜೆಂಟು'. ಬೇಕರಿ 'ಮಕ್ಕಳಿಗೆ'. ಈ ಹೆಸರುಗಳಿಗೆ ಡೈರಿಯಲ್ಲಿ ಕಾಲಂ ಇರಲಿಲ್ಲ.

ನನ್ನ ಅನುಭವದಲ್ಲಿ ತುಂಬಾ ಮನೆಗಳಲ್ಲಿ ಇದೇ ಕಥೆ. ಬಜೆಟ್ ಮೀರುವುದಕ್ಕಿಂತ ಮೊದಲೇ ಬಜೆಟ್ಟಿನ ಹೊರಗೆ ಒಂದು ಪಕ್ಕದ ಬಾಗಿಲು ತೆರೆದಿರುತ್ತದೆ.

ಗಂಡ ಕೇಳಿದ, "ಬೇರೆಯವರಿಗೆ ಎಷ್ಟಾಗುತ್ತೆ ಅಕ್ಕ?" ಕೇಂದ್ರ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 6,996 ರೂಪಾಯಿ. ಅದರಲ್ಲಿ ಆಹಾರದ ಪಾಲು 39.68%. ಅಂದರೆ ತಲೆಗೆ ಸುಮಾರು 2,776. ಐದು ಜನಕ್ಕೆ 13,880. ಬಡವರು, ಶ್ರೀಮಂತರು ಎಲ್ಲರನ್ನೂ ಸೇರಿಸಿದ ದೇಶದ ಸರಾಸರಿ ಇದು. ಇವರ ಚೀಟಿಯಲ್ಲಿ ಸೋಪು, ಬಟ್ಟೆ ಪುಡಿಯೂ ಇರುತ್ತದೆ. ಹಾಗಾಗಿ ಇದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ ಅಂದೆ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ತೋರಿಸಿದೆ. ನಗರದ ಮನೆಗಳಲ್ಲಿ ಆಹಾರದ ಖರ್ಚಿನೊಳಗೆ ಅತಿ ದೊಡ್ಡ ಪಾಲು ಅಕ್ಕಿಯದಲ್ಲ, ಹಾಲಿನದಲ್ಲ, ತರಕಾರಿಯದೂ ಅಲ್ಲ. ಪಾನೀಯ ಮತ್ತು ಸಿದ್ಧ ತಿನಿಸುಗಳದ್ದು, ಒಟ್ಟು ಖರ್ಚಿನ 11.09%. ಗಂಡ ಮೇಜಿನ ಮೇಲಿದ್ದ ಚಿಪ್ಸ್ ಪೊಟ್ಟಣವನ್ನು ಮೆಲ್ಲಗೆ ಆಚೆ ಸರಿಸಿದ.

ಹದಿನೈದು ರೂಪಾಯಿಯ ಕೊತ್ತಂಬರಿ

ಆಪ್‌ನ ಹತ್ತೊಂಬತ್ತು ಆರ್ಡರುಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಒಂದನ್ನು ಪೂರ್ತಿ ಹೇಳುತ್ತೇನೆ.

ಜೂನ್ ತಿಂಗಳ ಒಂದು ಬುಧವಾರ, ಸಂಜೆ 7 ಗಂಟೆ 42 ನಿಮಿಷ. ಸಾರು ಕುದಿಯುತ್ತಿದೆ, ಕೊತ್ತಂಬರಿ ಸೊಪ್ಪಿಲ್ಲ. ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ಮಗನಿಗೆ ಕೂಗಿದಳು. ಒಂದು ಕಟ್ಟು ಕೊತ್ತಂಬರಿ 15 ರೂಪಾಯಿ. 199 ದಾಟಿದರೆ ತಂದುಕೊಡುವುದಕ್ಕೆ ಚಾರ್ಜಿಲ್ಲ ಅಂತ ಆಪ್ ಹೇಳಿತು. ಮಗ ಜಾಣ. ಸುಮ್ಮನೆ ಚಾರ್ಜು ಯಾಕೆ ಕೊಡಬೇಕು ಅಂತ ನೂಡಲ್ಸ್, ಚಿಪ್ಸ್, ಒಂದು ಚಾಕೊಲೇಟ್ ಹಾಲು ಸೇರಿಸಿದ. ಬಿಲ್ಲು 214. ಸೊಪ್ಪು ಬರುವ ಹೊತ್ತಿಗೆ ಸಾರು ಇಳಿಸಿಯಾಗಿತ್ತು. ಆ ಸೊಪ್ಪನ್ನು ಫ್ರಿಜ್ಜಿಗೆ ಇಟ್ಟರು. ಶನಿವಾರದ ಹೊತ್ತಿಗೆ ಅದು ಕವರಿನಲ್ಲೇ ಕೊಳೆತು ನೀರಾಗಿತ್ತು.

ಹತ್ತೊಂಬತ್ತರಲ್ಲಿ ಹದಿಮೂರು ಆರ್ಡರು ಸಂಜೆ ಆರೂವರೆಯಿಂದ ಒಂಬತ್ತರ ಒಳಗೆ ಆದದ್ದು. ಸರಾಸರಿ ಬಿಲ್ಲು 259. ಎಲ್ಲದರಲ್ಲೂ ಮೊದಲ ವಸ್ತು ಚಿಕ್ಕದು: ಹಸಿಮೆಣಸಿನಕಾಯಿ, ಮೊಸರು, ದೋಸೆ ಹಿಟ್ಟು, ನಿಂಬೆಹಣ್ಣು. ಅದರ ಹಿಂದೆ ಬಾಲ.

ಆಪ್ ಕೆಟ್ಟದ್ದು ಅಂತ ಮಾತು ಮುಗಿಸಬಹುದಿತ್ತು. ನನಗೆ ಮುಖ್ಯ ಅನಿಸಿದ್ದು ಗಡಿಯಾರ. ಸ್ಕೂಲಿನಿಂದ ಐದೂವರೆಗೆ ಬಂದವಳು, ಕಾಫಿ ಕುಡಿದು, ಮಗಳ ಹೋಂವರ್ಕ್ ನೋಡಿ, ಏಳು ಗಂಟೆಗೆ ಅಡುಗೆಮನೆಗೆ ಕಾಲಿಟ್ಟಾಗ ಮೊದಲ ಪ್ರಶ್ನೆ: "ಈಗ ಏನು ಮಾಡಲಿ?" ಆ ಹೊತ್ತಿನಲ್ಲಿ ತೆಗೆದುಕೊಂಡ ಯಾವ ನಿರ್ಧಾರವೂ ಅಗ್ಗವಾಗುವುದಿಲ್ಲ. ಬೇಳೆ ನೆನೆಹಾಕಿಲ್ಲ, ಕಾಳು ಮೊಳಕೆ ಕಟ್ಟಿಲ್ಲ, ಹಿಟ್ಟು ರುಬ್ಬಿಲ್ಲ. ಉಳಿದದ್ದು ತರಿಸಿಕೊಳ್ಳುವುದೊಂದೇ.

ನಡುಮನೆಯ ನೆಲದ ಮೇಲೆ ಅಡುಗೆಮನೆ

ಮುಂದಿನ ಭಾನುವಾರ ಒಂದು ಕೆಲಸ ಮಾಡಿಸಿದೆ. ನಡುಮನೆಯಲ್ಲಿ ಹಳೇ ಪೇಪರ್ ಹಾಸಿ, ಮನೆಯಲ್ಲಿರುವ ತಿನ್ನುವ ವಸ್ತುವನ್ನೆಲ್ಲ ತಂದು ಜೋಡಿಸಿ ಅಂದೆ. ಡಬ್ಬಿ, ಪೊಟ್ಟಣ, ಫ್ರಿಜ್ಜಿನದು, ಅಟ್ಟದ್ದು, ಎಲ್ಲಾ. ಮಕ್ಕಳಿಗೆ ಇದೊಂದು ಆಟವಾಯಿತು.

ತೊಗರಿಬೇಳೆ ಐದು ಜಾಗದಲ್ಲಿತ್ತು, ಒಟ್ಟು 4.6 ಕೆಜಿ. ಜೀರಿಗೆ ಆರು ಪೊಟ್ಟಣ, ಮೂರಕ್ಕೆ ರಬ್ಬರ್ ಬ್ಯಾಂಡು. ಸಾಸಿವೆ ಮೂರು, ಶಾವಿಗೆ ನಾಲ್ಕು. ಡಯಟ್ ಮಾಡುತ್ತೇನೆ ಅಂತ ಗಂಡ ತಂದ ಓಟ್ಸ್, ದಿನಾಂಕ ಮುಗಿದು ಐದು ತಿಂಗಳು. ಚಿರೋಟಿ ರವೆಯಲ್ಲಿ ಹುಳ ಆಡುತ್ತಿತ್ತು. ಮಳೆಗಾಲದಲ್ಲಿ ರವೆಯನ್ನು ಸ್ವಲ್ಪ ಹುರಿದು ಇಡಬೇಕು ಅನ್ನುವುದು ಅಜ್ಜಿಗೆ ಗೊತ್ತು. ಆ ರವೆ ಮನೆಯಲ್ಲಿದೆ ಅನ್ನುವುದೇ ಗೊತ್ತಿರಲಿಲ್ಲ. ಫ್ರಿಜ್ಜಿನಲ್ಲಿ ತೆಂಗಿನಕಾಯಿ ಹೋಳು ನಾಲ್ಕು, ಎರಡು ಲೋಳೆ ಹಿಡಿದಿದ್ದವು. ಎಸೆದದ್ದಕ್ಕೆಲ್ಲ ಕೊಂಡ ಬೆಲೆ ಹಾಕಿದರೆ 1,900ರ ಹತ್ತಿರ ಬಂತು.

ಕೊನೆಗೆ ಮಗಳು ಅಜ್ಜಿಯ ಮಂಚದ ಕೆಳಗಿಂದ ಒಂದು ಟ್ರಂಕು ಎಳೆದಳು. ಅಜ್ಜಿ "ಅದು ಬೇಡ ಪುಟ್ಟಿ" ಅನ್ನುವಷ್ಟರಲ್ಲಿ ಮುಚ್ಚಳ ತೆರೆದಿತ್ತು. ನಾಲ್ಕು ಕೆಜಿ ಸಕ್ಕರೆ, ಎರಡು ಅಚ್ಚು ಬೆಲ್ಲ, ಎರಡು ಕೆಜಿ ತೊಗರಿಬೇಳೆ, ಬಿಗಿಯಾಗಿ ಸುತ್ತಿದ ಕಾಫಿ ಪುಡಿ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಅಜ್ಜಿ ಸೆರಗಿನ ತುದಿ ತಿರುವುತ್ತಾ, "ಸಕ್ಕರೆಗೆ ಅಂತ ಕಾರ್ಡು ಹಿಡಿದು ಕ್ಯೂ ನಿಂತವಳು ನಾನು. ಹೊತ್ತಲ್ಲದ ಹೊತ್ತಲ್ಲಿ ಯಾರಾದ್ರೂ ಬಂದ್ರೆ ಮನೇಲಿ ಇಲ್ಲ ಅನ್ನಬಾರದು" ಅಂದರು.

ಅಜ್ಜಿಗೆ ಮನೆಯಲ್ಲಿ ಏನೂ ಮುಗಿಯಬಾರದು ಅನ್ನುವ ಭಯ. ಗಂಡನಿಗೆ ಜಾಸ್ತಿ ತಂದರೆ ಅಗ್ಗ ಅನ್ನುವ ನಂಬಿಕೆ. ಹೆಂಡತಿಗೆ ಏಳು ಗಂಟೆಯ ಗಾಬರಿ. ಮಗನಿಗೆ 199ರ ಜಾಣತನ. ನಾಲ್ಕು ಜನ ನಾಲ್ಕು ದಾರಿಯಲ್ಲಿ ಅದೇ ಜೀರಿಗೆಯನ್ನು ತರುತ್ತಿದ್ದರು. ಮನೆಯಲ್ಲಿ ಏನಿದೆ ಅಂತ ಪೂರ್ತಿ ತಿಳಿದವರು ಒಬ್ಬರೂ ಇರಲಿಲ್ಲ.

ಮೊದಲ ಪ್ರಯತ್ನ: ನಾಲ್ಕು ಕವರು

ಗಂಡನಿಗೆ ಹುಮ್ಮಸ್ಸು ಬಂತು. ಜುಲೈ ತಿಂಗಳಿಗೆ 15,000 ನಗದು ತಂದು ನಾಲ್ಕು ಕವರಿನಲ್ಲಿ ಹಂಚಿದ: ದಿನಸಿ 8,000, ಹಾಲು 3,000, ತರಕಾರಿ 3,000, ಇತರೆ 1,000. ಎರಡೂ ಫೋನಿನಿಂದ ಆಪ್ ತೆಗೆಸಿದ. ಕವರು ಮುಗಿದರೆ ಮುಗಿಯಿತು, ಅಷ್ಟೇ. ನಾನು ಬೇಡ ಅನ್ನಲಿಲ್ಲ. ಅನ್ನಬೇಕಿತ್ತು.

ಹನ್ನೊಂದನೇ ತಾರೀಖಿಗೆ 'ಇತರೆ' ಖಾಲಿ. ಮಗಳಿಗೆ ಸ್ಕೂಲಿನಲ್ಲಿ ಏನೋ ಕಾರ್ಯಕ್ರಮ, ಕೇಕು ಬೇಕು. ಅಜ್ಜಿ ಪಿಂಚಣಿ ದುಡ್ಡಿನಿಂದ ಕೊಟ್ಟರು, ಯಾರಿಗೂ ಹೇಳಲಿಲ್ಲ. ಆಮೇಲೆ ಅದು ಅಭ್ಯಾಸವಾಯಿತು. ಮೂಲೆ ಅಂಗಡಿಯವನು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದ. ಹದಿನೆಂಟಕ್ಕೆ ಗಂಡನೇ ಫೋನಿಗೆ ಆಪ್ ಮತ್ತೆ ಹಾಕಿಕೊಂಡ, "ಆಫೀಸಿಗೆ ಬೇಕಾಗುತ್ತೆ" ಅಂತ.

ಅದರ ನಡುವೆ ಬಂಡಿಪಾಳ್ಯದ ಪ್ರಸಂಗ. ಕವರಿನ ದುಡ್ಡು ಉಳಿಸಬೇಕು ಅಂತ ಗಂಡ ಒಂದು ಬೆಳಗ್ಗೆ ಸ್ನೇಹಿತನ ಕಾರಿನಲ್ಲಿ ಬಂಡಿಪಾಳ್ಯದ ಎಪಿಎಂಸಿ ಸಗಟು ಮಾರುಕಟ್ಟೆಗೆ ಹೋಗಿ ಒಂದು ಕ್ರೇಟ್ ಟೊಮೆಟೊ, ಹತ್ತು ಕೆಜಿ ಈರುಳ್ಳಿ ತಂದ. ಕೆಜಿ ಲೆಕ್ಕದಲ್ಲಿ ನೋಡಿದರೆ ಮನೆ ಬಾಗಿಲ ಗಾಡಿಯ ಬೆಲೆಗಿಂತ ನಿಜಕ್ಕೂ ಕಡಿಮೆ. ನಾಲ್ಕು ದಿನ ಟೊಮೆಟೊ ಗೊಜ್ಜು, ಟೊಮೆಟೊ ಬಾತು, ಟೊಮೆಟೊ ಸಾರು. ನನಗೂ ಎರಡು ಕೆಜಿ ಬಂತು. ಮಕ್ಕಳು ಕೆಂಪು ಕಂಡರೆ ಓಡತೊಡಗಿದರು. ಮಳೆಗಾಲದ ತೇವಕ್ಕೆ ಒಂಬತ್ತು ಕೆಜಿ ಕಸದ ಗಾಡಿಗೆ ಹೋಯಿತು.

ಜಾಸ್ತಿ ತರುವುದರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇವರ ಮನೆಗೆ 26 ಕೆಜಿಯ ಅಕ್ಕಿ ಮೂಟೆ ಬರುತ್ತದೆ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ, ಲೇಬಲ್ ಹಚ್ಚಿದ ಧಾನ್ಯಕ್ಕೆ 5% ಜಿಎಸ್‌ಟಿ ಬಂದ ಮೇಲೆ ಈ 26ರ ಮೂಟೆಗಳು ಅಂಗಡಿಗೆ ಬಂದವು. ಅದನ್ನು ಕೊಳ್ಳುವುದು ಸರಿಯೇ, ಯಾಕೆಂದರೆ ಐದು ಜನ ಅಕ್ಕಿ ತಿಂದೇ ತಿನ್ನುತ್ತಾರೆ, ಒಣಗಿಸಿಟ್ಟರೆ ಕೆಡುವುದಿಲ್ಲ. ಟೊಮೆಟೊಗೆ, ರವೆಗೆ, ಬಿಸ್ಕತ್ತಿಗೆ ಆ ಲೆಕ್ಕ ಓಡುವುದಿಲ್ಲ. ಟೊಮೆಟೊ ಕಾಯುವುದಿಲ್ಲ, ಬಿಸ್ಕತ್ತನ್ನು ಮಕ್ಕಳು ಕಾಯಲು ಬಿಡುವುದಿಲ್ಲ. ದೊಡ್ಡ ಡಬ್ಬಿ ತಂದ ಮನೆಯಲ್ಲಿ ಎರಡರ ಜಾಗದಲ್ಲಿ ನಾಲ್ಕು ತಿನ್ನುತ್ತಾರೆ, ಅಷ್ಟೇ.

ಜುಲೈ ಕೊನೆಗೆ ಕವರುಗಳ ಲೆಕ್ಕ 15,000, ಸರಿಯಾಗಿ. ಸ್ಟೇಟ್‌ಮೆಂಟು, ಅಂಗಡಿ ಪುಸ್ತಕ, ಅಜ್ಜಿ ನೆನಪಿನಿಂದ ಹೇಳಿದ್ದು ಎಲ್ಲಾ ಸೇರಿಸಿದರೆ 23,700. ಮನೆಯಲ್ಲಿ ಮಾತುಕತೆಯೂ ಕಮ್ಮಿಯಾಗಿತ್ತು. ಮೊದಲು ಖರ್ಚು ಡೈರಿಗೆ ಬರುತ್ತಿರಲಿಲ್ಲ, ಈಗ ಬೇಕೆಂತಲೇ ಮುಚ್ಚಿಡುವಂತಾಯಿತು. ಹಳೆಯದಕ್ಕಿಂತ ಇದು ಕೆಟ್ಟದ್ದು ಅಂತ ನನಗನಿಸಿತು.

ನಾನು ಹೇಳಿದ್ದು, ಅವಳು ಮಾಡಿದ್ದು

ಆಗಸ್ಟ್ ಮೊದಲ ದಿನ ನಾನೊಂದು ಸ್ಪ್ರೆಡ್‌ಶೀಟ್ ಮಾಡಿಕೊಂಡು ಹೋದೆ. ಮನೆಯಲ್ಲಿರುವ ಸಾಮಾನು, ಕನಿಷ್ಠ ಪ್ರಮಾಣ, ಯಾವಾಗ ತರಬೇಕು, ಎಲ್ಲಾ ಬಣ್ಣಬಣ್ಣದ ಕಾಲಂ. ದಿನಾ ರಾತ್ರಿ ಹತ್ತು ನಿಮಿಷ ತುಂಬಿದರೆ ಆಯಿತು ಅಂದೆ.

ಹೆಂಡತಿ ನೋಡಿದಳು. "ಚೆನ್ನಾಗಿದೆ ಅಕ್ಕ. ಆದ್ರೆ ಇನ್ನೊಂದು ಕೆಲಸ ನನ್ನ ತಲೆಗೆ ಹಾಕಬೇಡಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಉಗ್ರಾಣ ಅತ್ತೆಗೇ ಕೊಟ್ಟುಬಿಡ್ತೀನಿ" ಅಂದಳು.

ನಾನು ಒಪ್ಪಲಿಲ್ಲ. ಟ್ರಂಕು ನೋಡಿದ ಮೇಲೂ? ಕೂಡಿಡುವವರ ಕೈಗೇ ಕೀಲಿಕೈ ಕೊಟ್ಟರೆ ಇನ್ನೂ ನಾಲ್ಕು ಟ್ರಂಕು ತುಂಬುತ್ತದೆ ಅಂತ ನನ್ನ ಲೆಕ್ಕ. ಅವಳ ಲೆಕ್ಕ ಬೇರೆ ಇತ್ತು. ಅತ್ತೆ ಕೂಡಿಡುವುದು ಏನಿದೆ ಏನಿಲ್ಲ ಅಂತ ಗೊತ್ತಾಗದೆ, ಕೇಳಿದರೆ ಸೊಸೆಗೆ ಬೇಜಾರಾಗುತ್ತದೆ ಅಂತ ಕೇಳದೆ. ಮದುವೆಯಾಗಿ ಬಂದಾಗ ಅಡುಗೆಮನೆ ಅವರದ್ದಾಗಿತ್ತು. ಹದಿನೇಳು ವರ್ಷದಲ್ಲಿ ನಿಧಾನಕ್ಕೆ ಯಾರದ್ದೂ ಅಲ್ಲದ್ದಾಯಿತು. ಇಡೀ ದಿನ ಮನೆಯಲ್ಲಿ ಇರುವವರೂ ಅವರೇ.

ಈ ಪ್ರಕರಣದ ತಿರುವು ಇದೇ. ನನ್ನದಲ್ಲ ಅದು.

ವ್ಯವಸ್ಥೆ ಸರಳವಾಗಿತ್ತು. ಫ್ರಿಜ್ಜಿನ ಬಾಗಿಲಿಗೆ ಮಗಳ ಹಳೇ ಸ್ಲೇಟು ತೂಗುಹಾಕಿದರು. ಏನಾದರೂ ಅರ್ಧಕ್ಕೆ ಬಂದರೆ ಅಜ್ಜಿ ಹೇಳುವುದು, ಮಕ್ಕಳು ಬರೆಯುವುದು. ಸ್ಲೇಟಿನಲ್ಲಿ ಇಲ್ಲದ್ದನ್ನು ಯಾರೂ ತರುವಂತಿಲ್ಲ, ಗಂಡನೂ. ಸಂಜೆಯ ಚಿಲ್ಲರೆ ಖರ್ಚಿಗೆ ತಿಂಗಳಿಗೆ 2,500 ಅಜ್ಜಿಯ ಪರ್ಸಿನಲ್ಲಿ. ಲೆಕ್ಕ ಯಾರೂ ಕೇಳುವುದಿಲ್ಲ. ಮಿತಿ ಅಂತ ಬೇರೇನೂ ಇಲ್ಲ. ಮತ್ತೆ, ರಾತ್ರಿ ಊಟದ ತಟ್ಟೆ ಎತ್ತುವ ಮೊದಲೇ ನಾಳೆ ರಾತ್ರಿಗೆ ಏನು ಅಂತ ತೀರ್ಮಾನವಾಗಬೇಕು. ಹುರುಳಿಕಾಳೋ ಅಲಸಂದೆಯೋ ಆದರೆ ಅಜ್ಜಿ ಬೆಳಗ್ಗೆಯೇ ನೆನೆಹಾಕುತ್ತಾರೆ. ಸೊಪ್ಪು ಬೇಕಾದರೆ ಬೆಳಗ್ಗೆ ಸೊಪ್ಪಿನವಳು ಬೀದಿಗೆ ಬಂದಾಗ ತೆಗೆದುಕೊಂಡು, ಬಿಡಿಸಿ, ಪೇಪರಿನಲ್ಲಿ ಸುತ್ತಿಡುತ್ತಾರೆ. ಏಳು ಗಂಟೆಯ ಪ್ರಶ್ನೆ ಹಿಂದಿನ ರಾತ್ರಿಗೆ ಸರಿಯಿತು.

ಮೊದಲ ವಾರ ಒಂದು ಎಡವಟ್ಟಾಯಿತು. ಶನಿವಾರ ರಾತ್ರಿ ಮಗ ಅಡುಗೆಮನೆಯಿಂದ ಕೇಳಿದ, "ಅಜ್ಜಿ, ಅಕ್ಕಿ?" ಅಜ್ಜಿ ಅಂದರು, "ತುಂಬಿದೆ ಕಣೋ." ಮಗ ಏನೂ ಬರೆಯಲಿಲ್ಲ. ಭಾನುವಾರ ಮಧ್ಯಾಹ್ನ ಡಬ್ಬದಲ್ಲಿ ಪಾವಕ್ಕಿಯೂ ಇಲ್ಲ. 'ಮುಗಿಯಿತು' ಅನ್ನುವುದು ಅಶುಭ ಅಂತ ಅಜ್ಜಿಯ ಬಾಯಲ್ಲಿ ಅಕ್ಕಿ ಎಂದೂ ಮುಗಿಯುವುದಿಲ್ಲ. ಬಳೆ ಒಡೆಯದೆ 'ಹೆಚ್ಚುವ' ಹಾಗೆ ಅಕ್ಕಿ 'ತುಂಬುತ್ತದೆ'. ಗಂಡ ಹೆಂಡತಿಗೆ ಅದು ಗೊತ್ತು, ಮೊಮ್ಮಗನಿಗೆ ಗೊತ್ತಿಲ್ಲ. ಅವತ್ತು ಆಪ್‌ನಿಂದ ಐದು ಕೆಜಿ ಅಕ್ಕಿ ಬಂತು, ಮೂಟೆಯ ಬೆಲೆಗಿಂತ ಜಾಸ್ತಿ ಕೊಟ್ಟು. ಎಲ್ಲರೂ ನಕ್ಕರು. ಆ ಮನೆಯಲ್ಲಿ ದಿನಸಿ ವಿಷಯಕ್ಕೆ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಹಬ್ಬಗಳು ಬಂದವು

ಆಗಸ್ಟ್ ಲೆಕ್ಕ ನೋಡಿದಾಗ ಗಂಡನ ಮುಖ ಬಾಡಿತು. 24,150. ಕವರಿನ ತಿಂಗಳಿಗಿಂತ ಜಾಸ್ತಿ! ಆದರೆ ಆ ತಿಂಗಳು 8ಕ್ಕೆ ವರಮಹಾಲಕ್ಷ್ಮಿ, 26, 27ಕ್ಕೆ ಗೌರಿ-ಗಣೇಶ. ಬಾಗಿನದ ಸಾಮಾನು, ಹಣ್ಣು, ಒಬ್ಬಟ್ಟಿಗೆ ಬೇಳೆ ಬೆಲ್ಲ, ಕಡುಬಿಗೆ ಕಾಯಿ. ಬೇರೆ ಮಾಡಿದರೆ ಹಬ್ಬಕ್ಕೆ ಹೋದದ್ದು 3,700. ಉಳಿದದ್ದು 20,450.

ಹಬ್ಬ ಯಾವಾಗ ಬರುತ್ತದೆ ಅಂತ ಪಂಚಾಂಗದಲ್ಲಿ ವರ್ಷಕ್ಕೆ ಮುಂಚೆಯೇ ಇರುತ್ತದೆ. ಆದರೂ ಮನೆಗಳ ಬಜೆಟ್ಟಿನಲ್ಲಿ ಪ್ರತಿ ಹಬ್ಬವೂ ಕೇಳದೆ ಬಂದ ನೆಂಟ. ಅದನ್ನು ತಿಂಗಳ ದಿನಸಿಯೊಳಗೆ ತುರುಕಿದರೆ ಆ ತಿಂಗಳ ಲೆಕ್ಕ ಕೆಡುತ್ತದೆ. ಲೆಕ್ಕ ಕೆಟ್ಟ ತಿಂಗಳಲ್ಲಿ ಜನ ಬರೆಯುವುದನ್ನೇ ಬಿಡುತ್ತಾರೆ. ಇವರಿಗೆ ತಿಂಗಳಿಗೆ 1,500 ಬೇರೆ ತೆಗೆದಿಡಲು ಹೇಳಿದೆ. ನನ್ನ ಸಲಹೆಗಳಲ್ಲಿ ನಿಂತದ್ದು ಇದೊಂದೇ ಇರಬೇಕು.

ಸೆಪ್ಟೆಂಬರ್ 20,900. ಆ ತಿಂಗಳ 22ರಿಂದ ಜಿಎಸ್‌ಟಿ ಇಳಿಯಿತು. ಬಿಸ್ಕತ್ತು 18ರಿಂದ 5%ಗೆ, ತುಪ್ಪ, ನೂಡಲ್ಸ್ 12ರಿಂದ 5%ಗೆ. ಸ್ಲೇಟಿನ ನಿಯಮ ಮರೆತು ಗಂಡ ಸೂಪರ್ ಮಾರ್ಕೆಟ್ಟಿನಿಂದ 1,150 ರೂಪಾಯಿಯ ಬಿಸ್ಕತ್ತು, ನೂಡಲ್ಸ್, ಸಾಸು ಹೊತ್ತು ತಂದ. "ಟ್ಯಾಕ್ಸ್ ಇಳಿದಿದೆ!" ಕೂತು ಲೆಕ್ಕ ಹಾಕಿದೆವು. ಎಲ್ಲಕ್ಕೂ 18ರಿಂದಲೇ ಇಳಿದಿದೆ ಅಂದುಕೊಂಡರೂ ಉಳಿದದ್ದು ಹೆಚ್ಚೆಂದರೆ ಸುಮಾರು 140 ರೂಪಾಯಿ. ಅದನ್ನು ಉಳಿಸಲು 1,150 ಖರ್ಚಾಗಿತ್ತು. ಅಜ್ಜಿ ಏನೂ ಅನ್ನಲಿಲ್ಲ. ಸಾಮಾನನ್ನೆಲ್ಲ ತೆಗೆದುಕೊಂಡು ಹೋಗಿ ಒಳಗಿಟ್ಟರು. ವಾರಕ್ಕೆ ಒಂದು ಪೊಟ್ಟಣದಂತೆ ಅದು ನವೆಂಬರ್‌ವರೆಗೂ ಬಂತು.

ಅಕ್ಟೋಬರಿನಲ್ಲಿ ದಸರಾ ಮುಗಿಸಿ ಹೊರಟ ನೆಂಟರು, ಆಮೇಲೆ ದೀಪಾವಳಿ. ಮೈಸೂರಿನ ಮನೆಗಳಿಗೆ ಅದು ತಪ್ಪಿದ್ದಲ್ಲ. 23,300 ಆಯಿತು, ಅದರಲ್ಲಿ 3,900 ಹಬ್ಬದ ಲೆಕ್ಕಕ್ಕೆ.

ನವೆಂಬರ್

ಹಬ್ಬವಿಲ್ಲದ ತಿಂಗಳು ನವೆಂಬರ್. ಜೂನ್ ಜೊತೆ ಇಟ್ಟು ನೋಡಲು ಅದೇ ಸರಿ.

ದಿನಸಿ ಚೀಟಿ 8,430, ಅಂದರೆ ಜೂನ್‌ಗಿಂತ ಜಾಸ್ತಿ. ಹಾಲು, ಮೊಸರು 3,020. ತರಕಾರಿ, ಹಣ್ಣು 3,560, ಇದೂ ಸ್ವಲ್ಪ ಜಾಸ್ತಿ. ಸೂಪರ್ ಮಾರ್ಕೆಟ್ ಒಂದೇ ಸಲ, 1,340. ಆಪ್ ನಾಲ್ಕು ಆರ್ಡರು, 870. ಅಜ್ಜಿಯ ಪರ್ಸು 1,950. ಒಟ್ಟು 19,170. ಜೂನ್‌ಗಿಂತ 7,060 ಕಡಿಮೆ.

ಡೈರಿಯಲ್ಲಿ ಬರೆಯುತ್ತಿದ್ದ ಮೂರು ಬಾಬತ್ತು ಕೂಡಿದರೆ 15,010, ಮೊದಲಿಗಿಂತ ಹೆಚ್ಚೇ. ಉಳಿತಾಯವೆಲ್ಲ ಬಂದದ್ದು ಬರೆಯದೆ ಇದ್ದ ಕಡೆಯಿಂದ. ಈ ಮನೆಯವರು ವರ್ಷಗಟ್ಟಲೆ ಎಣ್ಣೆ ಯಾವ ಬ್ರ್ಯಾಂಡು, ಬೇಳೆ ಯಾವ ಅಂಗಡಿ ಅಂತ ತಲೆ ಕೆಡಿಸಿಕೊಂಡಿದ್ದರು. ಅಲ್ಲಿ ಹಿಂಡುವುದಕ್ಕೆ ಏನೂ ಇರಲಿಲ್ಲ.

ಇನ್ನೊಂದು ವಿಷಯ. 15,000 ಅನ್ನುವ ಅಂಕಿ ಎಂದೂ ನಿಜವಾಗಿರಲಿಲ್ಲ. ಯಾವುದೋ ಕಾಲದಲ್ಲಿ ಹಾಕಿಕೊಂಡದ್ದು, ಯಾರೂ ಬದಲಿಸಿರಲಿಲ್ಲ. ಆಗದ ಅಂಕಿ ಬರೆದಿಟ್ಟರೆ ಮನೆಯವರು ಸುಳ್ಳು ಕಾಲಂ ಹುಡುಕುತ್ತಾರೆ. ಆಫೀಸುಗಳಲ್ಲೂ ನಾನು ಇದನ್ನೇ ನೋಡಿದ್ದೇನೆ. ಈಗ ಇವರ ಬಜೆಟ್ 19,500, ಹಬ್ಬಕ್ಕೆ 1,500 ಬೇರೆ.

ಎಲ್ಲವನ್ನೂ ಕತ್ತರಿಸಲಿಲ್ಲ ಅನ್ನುವುದನ್ನೂ ಹೇಳಬೇಕು. ವಾರಕ್ಕೆ ಎರಡು ಪ್ಯಾಕೆಟ್ ದೋಸೆ ಹಿಟ್ಟು ಈಗಲೂ ಬರುತ್ತದೆ. ಗಂಡ ಅದನ್ನು ನಿಲ್ಲಿಸೋಣ ಅಂದಾಗ ನಾನು ಬೇಡ ಅಂದೆ. ಬೆಳಗ್ಗೆ ಆರಕ್ಕೆ ಎದ್ದು ನಾಲ್ಕು ಡಬ್ಬಿ ಕಟ್ಟುವವಳಿಗೆ ಗ್ರೈಂಡರ್ ತೊಳೆಯುವ ಕೆಲಸ ಕೊಟ್ಟು ಉಳಿಸುವ ದುಡ್ಡು ಉಳಿತಾಯವಲ್ಲ, ಅವಳ ನಿದ್ದೆ ಮಾರಿದ್ದು. ಗಂಡ ತಾನೇ ರುಬ್ಬುತ್ತೇನೆ ಅಂದ. ಎರಡು ವಾರ ರುಬ್ಬಿದ.

ಮಗನಿಗೆ ಒಂದು ಕೆಲಸ ಸಿಕ್ಕಿತು. ಪೊಟ್ಟಣದ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಗ್ರಾಮಿಗೆ ಎಷ್ಟು, ಕೆಜಿಗೆ ಎಷ್ಟು ಅಂತ ಚಿಕ್ಕ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದುವ ಕೆಲಸ. ಬಟ್ಟೆ ಪುಡಿಯ ದೊಡ್ಡ ಪ್ಯಾಕು ಚಿಕ್ಕದಕ್ಕಿಂತ ಗ್ರಾಮಿಗೆ ದುಬಾರಿ ಅಂತ ಅವನೇ ಒಂದು ದಿನ ಕಂಡುಹಿಡಿದ. ಅಲ್ಲಿಂದ ಅಪ್ಪನನ್ನು ಅಂಗಡಿಯಲ್ಲಿ ಒಬ್ಬನೇ ಬಿಡುವುದಿಲ್ಲ.

ಟ್ರಂಕಿನ ವಿಷಯ ಬಾಕಿ ಇದೆ. ಉಗ್ರಾಣ ಕೈಗೆ ಬಂದ ಮೇಲೆ ಅಜ್ಜಿ ಅದರಲ್ಲಿದ್ದ ಬೇಳೆ, ಕಾಫಿ ಪುಡಿ ತಾವೇ ತಂದು ಡಬ್ಬಿಗೆ ಸುರಿದರು. ಸಕ್ಕರೆ ಮಾತ್ರ ಇನ್ನೂ ಅಲ್ಲೇ ಇದೆ. ಡಿಸೆಂಬರಿನಲ್ಲಿ ಲೆಕ್ಕ ಮುಗಿಸುವಾಗ ಗಂಡ ನನ್ನ ಕಡೆ ನೋಡಿ, "ಅದನ್ನೂ ಸ್ಟಾಕಿಗೆ ಸೇರಿಸಬೇಕಾ ಅಕ್ಕ?" ಅಂತ ಪಿಸುಗುಟ್ಟಿದ. ಹೆಂಡತಿ ಡೈರಿ ಮುಚ್ಚಿದಳು. ಆ ನಾಲ್ಕು ಕೆಜಿ ಯಾವ ಕಾಲಮ್ಮಿನಲ್ಲೂ ಇಲ್ಲ.